ಐ7 ಅಂದರೆ ಸಾಕೇ?



ಹೋದ ವರ್ಷ ಮಳೆಗಾಲದ ಒಂದು ಸಂಜೆ ನಮ್ಮ ಬೀದಿಯ ಟೈಲರ್ ಒಬ್ಬರು ಮಗಳ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದರು. ಮಗಳು ಬಿ.ಎ.ಗೆ ಸೇರಿದ್ದಳು. ಟೈಪು ಮಾಡಿದ ಪ್ರಬಂಧವನ್ನೇ ತರಬೇಕೆಂದು ಕಾಲೇಜಿನಲ್ಲಿ ಹೇಳಿದ್ದರಂತೆ. ಚೀಟಿ ಎತ್ತಿದ ಹಣದಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡಿದ್ದರು. "ಸಾರ್, ಅಂಗಡಿಯವರು ಐ7 ಅಂದ್ರು, ಒಂದು ಟಿಬಿ ಅಂದ್ರು, ಇದರ ಮೇಲೆ ಇನ್ನೊಂದಿಲ್ಲ ಅಂದ್ರು. ಈಗ ನೋಡಿದ್ರೆ ಬಟನ್ ಒತ್ತಿ, ಒಂದು ಬ್ಲೌಸಿಗೆ ಹುಕ್ಸ್ ಹಾಕಿ ಮುಗಿಸಿದ್ರೂ ಶುರುವಾಗಿರಲ್ಲ" ಎಂದರು.

ನೋಡಿದೆ. ಅಂಗಡಿಯವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಐ7 ಇತ್ತು, ಒಂದು ಟೆರಾಬೈಟ್ ಜಾಗವೂ ಇತ್ತು. ಆದರೆ ಆ ಐ7 ಬಂದದ್ದು 2015ರಲ್ಲಿ. ಜಾಗ ಇದ್ದದ್ದು ತಿರುಗುವ ಹಳೆಯ ಹಾರ್ಡ್ ಡಿಸ್ಕಿನಲ್ಲಿ. ರ‍್ಯಾಮ್ ಬರೀ 4 ಜಿಬಿ. ಈ ಮೂರು ವಿಷಯವನ್ನು ಇವರು ಕೇಳಲಿಲ್ಲ, ಅವರು ಹೇಳಲಿಲ್ಲ. ಕೇಳಬೇಕು ಅಂತ ಗೊತ್ತಿದ್ದರೆ ತಾನೇ ಕೇಳುವುದು? ಬಟ್ಟೆ ಮುಟ್ಟಿದರೆ ಸಾಕು, ಕಾಟನ್ನೋ ಟೆರಿಕಾಟೋ ಎಂದು ಕಣ್ಣು ಮುಚ್ಚಿ ಹೇಳಬಲ್ಲ ಮನುಷ್ಯ ಅವರು. ಕಂಪ್ಯೂಟರ್ ಅಂಗಡಿಯಲ್ಲಿ ಆ ಬೆರಳುಗಳು ಅವರಿಗೆ ನೆರವಾಗಲಿಲ್ಲ. ಈ ಸರಕನ್ನೂ ಮುಟ್ಟಿ ನೋಡಿ ಅಳೆಯುವಷ್ಟು ತಿಳಿವಳಿಕೆ ನಮ್ಮೆಲ್ಲರಿಗೂ ಬರಬೇಕು ಎಂಬ ಆಸೆಯಿಂದ ಇವತ್ತು ಮಾತಾಡುತ್ತಿದ್ದೇನೆ.

ಮೊದಲು ಒಂದು ರೂಢಿಯ ಮಾತು. ಮಾನಿಟರ್ ಪಕ್ಕದಲ್ಲಿರುವ ದೊಡ್ಡ ಪೆಟ್ಟಿಗೆಗೆ ನಾವೆಲ್ಲ ಸಿಪಿಯು ಅನ್ನುತ್ತೇವೆ. "ಸಿಪಿಯು ರಿಪೇರಿಗೆ ಕೊಟ್ಟಿದ್ದೇವೆ" ಅನ್ನುತ್ತೇವೆ. ಆ ಪೆಟ್ಟಿಗೆಯ ಹೆಸರು ಕ್ಯಾಬಿನೆಟ್. ಅದರೊಳಗೆ ಮದರ್‌ಬೋರ್ಡ್ ಎಂಬ ಅಗಲವಾದ ಹಲಗೆ, ಕರೆಂಟನ್ನು ಹದ ಮಾಡಿ ಹಂಚುವ ಎಸ್‌ಎಂಪಿಎಸ್, ಫ್ಯಾನು, ಡಿಸ್ಕು ಎಲ್ಲ ಇರುತ್ತವೆ. ನಿಜವಾದ ಸಿಪಿಯು, ಅಂದರೆ ಪ್ರೊಸೆಸರ್, ಅಂಗೈ ನಡುವೆ ಕೂರುವಷ್ಟು ಪುಟ್ಟ ಚೌಕದ ಚಿಪ್ಪು. ಹೆಸರಿನಲ್ಲೇನಿದೆ ಅನ್ನಬೇಡಿ. ಎಸ್‌ಎಂಪಿಎಸ್ ಸುಟ್ಟಾಗ ರಿಪೇರಿಯವರು "ಸಿಪಿಯು ಹೋಗಿದೆ" ಅಂದರೆ ನಮಗೆ ಪೆಟ್ಟಿಗೆ ಹೋಯಿತೋ ಚಿಪ್ಪು ಹೋಯಿತೋ ತಿಳಿಯುವುದಿಲ್ಲ. ಎರಡರ ಬೆಲೆಗೆ ಅಜಗಜಾಂತರ.

ಇನ್ನು ಒಳಗಿನ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಮದುವೆಮನೆಯ ಅಡುಗೆಯಿಂದ ಹೇಳುತ್ತೇನೆ. ಅಲ್ಲಿ ಉಗ್ರಾಣ ಇರುತ್ತದೆ. ಅಕ್ಕಿ, ಬೇಳೆ, ಬೆಲ್ಲದ ಮೂಟೆ ಎಲ್ಲ ಅಲ್ಲಿ. ಒಲೆಯ ಪಕ್ಕ ಕಟ್ಟೆ ಇರುತ್ತದೆ. ಈ ಹೊತ್ತಿನ ಅಡುಗೆಗೆ ಬೇಕಾದದ್ದನ್ನು ಉಗ್ರಾಣದಿಂದ ತಂದು ಅದರ ಮೇಲೆ ಹರಡಿಕೊಳ್ಳುತ್ತಾರೆ. ಭಟ್ಟರ ಕೈಗೆ ಸಿಗುವಂತೆ ಒಗ್ಗರಣೆ ಡಬ್ಬಿ ಇರುತ್ತದೆ. ಉಗ್ರಾಣವೇ ಸ್ಟೋರೇಜ್: ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ. ಕಟ್ಟೆಯೇ ರ‍್ಯಾಮ್. ಭಟ್ಟರು ಪ್ರೊಸೆಸರ್. ಒಗ್ಗರಣೆ ಡಬ್ಬಿಗೆ ಕ್ಯಾಶ್ ಮೆಮೊರಿ ಎಂದು ಹೆಸರು, ಅದು ಪ್ರೊಸೆಸರಿನೊಳಗೇ ಇರುತ್ತದೆ. ಊಟ ತಡವಾಯಿತು ಅಂದರೆ ಭಟ್ಟರನ್ನೇ ಬೈಯುವುದು ಜನರ ಅಭ್ಯಾಸ. ಎಷ್ಟೋ ಸಲ ಭಟ್ಟರು ಕೈಕಟ್ಟಿ ನಿಂತಿರುತ್ತಾರೆ, ಉಗ್ರಾಣದಿಂದ ಬೇಳೆಯೇ ಬಂದಿರುವುದಿಲ್ಲ. ಟೈಲರ್ ತಂದ ಲ್ಯಾಪ್‌ಟಾಪಿನಲ್ಲಿ ಆಗಿದ್ದೂ ಇದೇ.

ಉಗ್ರಾಣಕ್ಕೆ ಹೋಗುವ ಮುಂಚೆ ಅಳತೆಯ ಮಾತು ಮುಗಿಸಿಕೊಳ್ಳೋಣ. ಕಂಪ್ಯೂಟರಿಗೆ ಗೊತ್ತಿರುವುದು ಇದೆ-ಇಲ್ಲ ಎಂಬ ಎರಡೇ ಸ್ಥಿತಿ. ಅಂಥ ಒಂದು ಸ್ಥಿತಿ ಒಂದು ಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. 'ಕನ್ನಡ' ಎಂದು ಬರೆಯಿರಿ. ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಕ, ನ, ಒತ್ತು ಕೊಡುವ ಹಲಂತ, ಮತ್ತೊಂದು ನ, ಡ, ಹೀಗೆ ಐದು ಸಂಕೇತ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ 3 ಬೈಟ್ ಬೇಕು. ಆದ್ದರಿಂದ ಆ ಪದಕ್ಕೆ 15 ಬೈಟ್. 1981ರ ಆಗಸ್ಟ್ 12ರಂದು ಅಮೆರಿಕದಲ್ಲಿ ಐಬಿಎಂ ಕಂಪನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಮಾರಾಟಕ್ಕೆ ಬಿಟ್ಟಾಗ ಅದರ ಆರಂಭದ ಮಾದರಿಯಲ್ಲಿ ಇದ್ದ ರ‍್ಯಾಮ್ 16 ಕಿಲೋಬೈಟ್, ಅಂದರೆ 16,384 ಬೈಟ್. ನಾನೀಗ ಓದುತ್ತಿರುವ ಈ ಭಾಷಣವನ್ನು ಹೀಗೆ ಬರೆದಿಟ್ಟರೆ ಅದರಲ್ಲಿ ಹಿಡಿಸುವುದಿಲ್ಲ. ಅದರಲ್ಲಿ ಹಾರ್ಡ್ ಡಿಸ್ಕೇ ಇರಲಿಲ್ಲ. ಬೇಕಿದ್ದರೆ ಫ್ಲಾಪಿ ಸೇರಿಸಿಕೊಳ್ಳಬಹುದಿತ್ತು. ಎ ಮತ್ತು ಬಿ ಎಂಬ ಹೆಸರು ಫ್ಲಾಪಿಗಳಿಗೆ ಮೀಸಲಾಗಿದ್ದರಿಂದ ಆಮೇಲೆ ಬಂದ ಹಾರ್ಡ್ ಡಿಸ್ಕಿಗೆ ಸಿ ಎಂಬ ಹೆಸರು ಬಂತು. ಫ್ಲಾಪಿಯನ್ನು ಕಂಡೇ ಇರದ ಮಕ್ಕಳೂ ಇಂದು ಸಿ ಡ್ರೈವ್ ಅನ್ನುವುದು ಈ ಕಾರಣಕ್ಕೆ.

ಒಂದು ಟೆರಾಬೈಟ್ ಡಿಸ್ಕ್ ತಂದರೆ ಕಂಪ್ಯೂಟರ್ 931 ಜಿಬಿ ಮಾತ್ರ ತೋರಿಸುತ್ತದೆ ಎಂದು ಹಲವರು ಗಾಬರಿಯಾಗುತ್ತಾರೆ. ಅದು ಮೋಸವಲ್ಲ. ಡಿಸ್ಕ್ ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಸರಕು ಅಷ್ಟೇ, ಸೇರು ಬೇರೆ. 512 ಜಿಬಿಯದು 476 ಎಂದು ಕಾಣುತ್ತದೆ. ಇಂಟರ್‌ನೆಟ್ಟಿನ ವೇಗದಲ್ಲೂ ಇಂಥದೇ ಒಂದು ಗೊಂದಲವಿದೆ. ಅಲ್ಲಿ 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 100 ಮೆಗಾಬಿಟ್. ಎಂಟರಿಂದ ಭಾಗಿಸಿ, ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟ್ ಇಳಿಯುತ್ತದೆ.

ಈಗ ಉಗ್ರಾಣ. ಹಾರ್ಡ್ ಡಿಸ್ಕಿನೊಳಗೆ ಕನ್ನಡಿಯಂಥ ತಟ್ಟೆಗಳು ಗಿರ್ರನೆ ತಿರುಗುತ್ತಿರುತ್ತವೆ. ಲ್ಯಾಪ್‌ಟಾಪಿನದು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು. ಅಂದರೆ ಸೆಕೆಂಡಿಗೆ 90 ಸುತ್ತು. ಗ್ರಾಮಫೋನ್ ಮುಳ್ಳಿನಂಥ ಒಂದು ತೋಳು ತಟ್ಟೆಯನ್ನು ಮುಟ್ಟದೆ, ಕೂದಲೆಳೆಯ ದಪ್ಪಕ್ಕಿಂತ ಸಾವಿರಾರು ಪಟ್ಟು ಕಡಿಮೆ ಅಂತರದಲ್ಲಿ ತೇಲುತ್ತ ಓದುತ್ತದೆ. ಬೇಕಾದ ಮಾಹಿತಿ ಇರುವ ಜಾಗಕ್ಕೆ ತೋಳು ಸರಿಯಬೇಕು, ಆಮೇಲೆ ತಟ್ಟೆಯ ಆ ಭಾಗ ತಿರುಗಿ ತೋಳಿನ ಕೆಳಗೆ ಬರುವವರೆಗೆ ಕಾಯಬೇಕು. ಎರಡೂ ಸೇರಿ ಸರಾಸರಿ 15 ಮಿಲಿಸೆಕೆಂಡ್ ಹಿಡಿಯಿರಿ. ಹೀಗೆ ಚದುರಿದ ಮಾಹಿತಿಯನ್ನು ಹೆಕ್ಕಲು ಸೆಕೆಂಡಿಗೆ ಅರವತ್ತು ಎಪ್ಪತ್ತು ಓಡಾಟ ಸಾಧ್ಯ. ಕಂಪ್ಯೂಟರ್ ಶುರುವಾಗುವಾಗ ಸಾವಿರಾರು ಪುಟ್ಟ ಕಡತಗಳನ್ನು ಹೆಕ್ಕಬೇಕು. ಟೈಲರ್ ಹುಕ್ಸ್ ಹಾಕುತ್ತ ಕೂತಿದ್ದು ಈ ತೋಳು ಓಡಾಡುತ್ತಿದ್ದ ಹೊತ್ತಿನಲ್ಲಿ.

ಎಸ್‌ಎಸ್‌ಡಿಯಲ್ಲಿ ತಿರುಗುವುದು ಯಾವುದೂ ಇಲ್ಲ. ನಮ್ಮ ಪೆನ್ ಡ್ರೈವಿನ, ಮೊಬೈಲಿನ ಸಂಗ್ರಹದಂತೆ ಅದೂ ಫ್ಲ್ಯಾಶ್ ಮೆಮೊರಿ. ಜಪಾನಿನ ತೋಶಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ರೂಪಿಸಿದ ಬಗೆ ಅದು. ಅಲ್ಲಿ ಒಂದು ಓಡಾಟಕ್ಕೆ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಅಟ್ಟದ ಮೇಲಿನ ಉಗ್ರಾಣಕ್ಕೆ ಏಣಿ ಹಾಕಿ ಹತ್ತುವುದಕ್ಕೂ, ಕೈ ಚಾಚಿದರೆ ಸಿಗುವ ಕಪಾಟಿಗೂ ಇರುವ ಅಂತರ ಇದು. ಎಸ್‌ಎಸ್‌ಡಿಯಲ್ಲೂ ಎರಡು ಬಗೆ ಕೇಳಿಬರುತ್ತದೆ. ಸಾಟಾ ಎಂಬುದು ಸೆಕೆಂಡಿಗೆ ಸುಮಾರು 550 ಎಂಬಿವರೆಗೆ ಕೊಡುತ್ತದೆ. ಎನ್‌ವಿಎಂಇ ಎಂಬುದು ಮೂರೂವರೆ ಸಾವಿರ, ಏಳು ಸಾವಿರ ಎಂಬಿಯನ್ನೂ ಮುಟ್ಟುತ್ತದೆ. ಚೂಯಿಂಗ್ ಗಮ್ ಪಟ್ಟಿಯಂತೆ ಕಾಣುವ ಎಂ.2 ಆಕಾರದಲ್ಲಿ ಎರಡೂ ಬಗೆ ಸಿಗುತ್ತವೆ. ಆದ್ದರಿಂದ ಆಕಾರ ನೋಡಿ ಕೊಳ್ಳಬಾರದು, ನಿಮ್ಮ ಮದರ್‌ಬೋರ್ಡ್ ಯಾವುದನ್ನು ಒಪ್ಪುತ್ತದೆ ಎಂದು ಕೇಳಬೇಕು. ಬರೆಯುವುದು, ಓದುವುದು, ವಿಡಿಯೊ ನೋಡುವುದು, ಇಷ್ಟೇ ಕೆಲಸದವರಿಗೆ ಸಾಟಾಗೂ ಎನ್‌ವಿಎಂಇಗೂ ನಡುವಿನ ವ್ಯತ್ಯಾಸ ಅಷ್ಟಾಗಿ ಗೊತ್ತಾಗದು. ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಬಂದ ವ್ಯತ್ಯಾಸ ಮಾತ್ರ ಮೊದಲ ದಿನವೇ ಗೊತ್ತಾಗುತ್ತದೆ. ನನ್ನನ್ನು ಕೇಳಿದರೆ, ಒಂದು ಟಿಬಿ ಹಾರ್ಡ್ ಡಿಸ್ಕಿಗಿಂತ 256 ಜಿಬಿ ಎಸ್‌ಎಸ್‌ಡಿಯೇ ಮೇಲು. ಅಗ್ಗದ ಕೆಲವು ಲ್ಯಾಪ್‌ಟಾಪುಗಳಲ್ಲಿ ಇಎಂಎಂಸಿ ಎಂದು ಬರೆದಿರುತ್ತದೆ, 64 ಜಿಬಿಯೋ 128 ಜಿಬಿಯೋ ಇರುತ್ತದೆ. ಅದನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಬದಲಿಸಲು ಬರುವುದಿಲ್ಲ. ಅದು ಬೇಡ.

ರ‍್ಯಾಮ್ ಕಡೆ ಬರೋಣ. ಐಬಿಎಂನ ರಾಬರ್ಟ್ ಡೆನಾರ್ಡ್‌ಗೆ 1968ರಲ್ಲಿ ಪೇಟೆಂಟ್ ಸಿಕ್ಕ ವಿನ್ಯಾಸವೇ ಇಂದಿಗೂ ನಮ್ಮ ಕಂಪ್ಯೂಟರುಗಳ ರ‍್ಯಾಮಿನ ಮೂಲ. ಒಂದೊಂದು ಬಿಟ್ಟಿಗೆ ಒಂದು ಅತಿ ಪುಟ್ಟ ಕೆಪಾಸಿಟರ್, ಅದರಲ್ಲಿ ಚಿಟಿಕೆಯಷ್ಟು ವಿದ್ಯುತ್ತು. ಅದು ಸೋರುವ ಕೊಡ. ಹಾಗಾಗಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಒಂದು ಸಲ ಎಲ್ಲವನ್ನೂ ಓದಿ ಮತ್ತೆ ತುಂಬಬೇಕು. ಕರೆಂಟ್ ಹೋದರೆ ತುಂಬುವವರಿಲ್ಲ, ಕೊಡಗಳೆಲ್ಲ ಖಾಲಿ. ಅರ್ಧ ಪುಟ ಟೈಪು ಮಾಡಿ ಸೇವ್ ಮಾಡದೆ ಇದ್ದಾಗ ಕರೆಂಟ್ ಹೋಗಿ ಬರೆದದ್ದೆಲ್ಲ ಮಾಯವಾಗುವುದು ಇದರಿಂದ. ಸೇವ್ ಮಾಡುವುದು ಅಂದರೆ ಕಟ್ಟೆಯ ಮೇಲಿದ್ದುದನ್ನು ಉಗ್ರಾಣಕ್ಕೆ ಸೇರಿಸುವುದು.

ಕಟ್ಟೆ ಚಿಕ್ಕದಾದರೆ ಏನಾಗುತ್ತದೆ? ಪಲ್ಯಕ್ಕೆ ಜಾಗ ಬೇಕೆಂದು ಸಾರಿನ ಸಾಮಾನನ್ನು ಉಗ್ರಾಣಕ್ಕೆ ವಾಪಸ್ ಇಡಬೇಕು, ಸಾರಿನ ಸರದಿ ಬಂದಾಗ ಮತ್ತೆ ತರಬೇಕು. ಕಂಪ್ಯೂಟರ್ ಸದ್ದಿಲ್ಲದೆ ಇದನ್ನೇ ಮಾಡುತ್ತಿರುತ್ತದೆ. 4 ಜಿಬಿ ರ‍್ಯಾಮಿನಲ್ಲಿ ವಿಂಡೋಸ್ ಎದ್ದು ನಿಲ್ಲುವಷ್ಟರಲ್ಲೇ ಬಹುಪಾಲು ಕಟ್ಟೆ ತುಂಬಿರುತ್ತದೆ. ಬ್ರೌಸರಿನಲ್ಲಿ ನಾಲ್ಕು ಪುಟ ತೆರೆದರೆ ಮುಗಿಯಿತು. ಇಂದಿಗೆ 8 ಜಿಬಿ ಕನಿಷ್ಠ, ಐದಾರು ವರ್ಷ ಬಾಳಬೇಕಾದರೆ 16. ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಂಬವು ರ‍್ಯಾಮಿನ ಪೀಳಿಗೆಗಳು. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ತಪ್ಪಿ ಕೂರಿಸಬಾರದೆಂದೇ ಪಟ್ಟಿಯ ಅಂಚಿನ ಕಚ್ಚನ್ನು ಬೇರೆ ಬೇರೆ ಕಡೆ ಕೊರೆದಿರುತ್ತಾರೆ. ಅದು ಕೂರಲಿಲ್ಲವೆಂದು ಯಾರೂ ಬಲ ಹಾಕಿ ಒತ್ತಬೇಡಿ. ಕೊಳ್ಳುವಾಗ ಕೇಳಬೇಕಾದ ದೊಡ್ಡ ಪ್ರಶ್ನೆ ಬೇರೆ ಇದೆ: "ಮುಂದೆ ರ‍್ಯಾಮ್ ಸೇರಿಸಲು ಸ್ಲಾಟ್ ಇದೆಯೇ?" ತೆಳ್ಳಗಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನೂ ಬೆಸುಗೆ ಹಾಕಿಬಿಟ್ಟಿರುತ್ತಾರೆ. ಅಲ್ಲಿ ಮೊದಲ ದಿನ ಎಷ್ಟಿತ್ತೋ ಕೊನೆಯ ದಿನವೂ ಅಷ್ಟೇ.

ಇಷ್ಟಾದ ಮೇಲೆ ಭಟ್ಟರು. ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ ನೂರು ಕೋಟಿ ಮಿಡಿತ. ಆ ಮೊದಲ ಐಬಿಎಂ ಪಿಸಿಯದು 4.77 ಮೆಗಾಹರ್ಟ್ಸ್, ಅಂದರೆ 47.7 ಲಕ್ಷ ಮಿಡಿತ. ಮುಂದೆ ಎರಡು ದಶಕ ಈ ಅಂಕಿ ಏರುತ್ತಲೇ ಹೋಯಿತು. 2004ರಲ್ಲಿ ಇಂಟೆಲ್‌ನ ಪೆಂಟಿಯಂ 4 ಚಿಪ್ಪು 3.8 ಗಿಗಾಹರ್ಟ್ಸ್ ಮುಟ್ಟಿತು. ನಾಲ್ಕರದ್ದನ್ನು ತರುತ್ತೇವೆಂದು ಹೇಳಿದ್ದ ಕಂಪನಿ ಅದೇ ವರ್ಷ ಆ ಯೋಜನೆಯನ್ನೇ ಕೈಬಿಟ್ಟಿತು. ಅಡ್ಡ ಬಂದದ್ದು ಶಾಖ. ಮಿಡಿತ ಹೆಚ್ಚಿಸಿದಷ್ಟೂ ಚಿಪ್ಪು ಕಾಯುತ್ತಿತ್ತು. ಒಬ್ಬ ಭಟ್ಟರನ್ನು ಇನ್ನಷ್ಟು ಓಡಿಸುವ ಬದಲು ಇಬ್ಬರನ್ನು ನಿಲ್ಲಿಸೋಣ ಎಂಬ ದಾರಿ ಹಿಡಿದರು. 2005ರಿಂದ ಮನೆಬಳಕೆಯ ಕಂಪ್ಯೂಟರಿಗೂ ಎರಡು ಕೋರಿನ ಚಿಪ್ಪು ಬಂತು. ಆದ್ದರಿಂದ ಇಂದು ಗಿಗಾಹರ್ಟ್ಸ್ ಒಂದನ್ನೇ ನೋಡಿ ಎರಡು ಕಂಪ್ಯೂಟರನ್ನು ತೂಗಲು ಬರುವುದಿಲ್ಲ.

ಐ3, ಐ5, ಐ7 ಎಂಬವು ಒಂದು ಪೀಳಿಗೆಯ ಒಳಗಿನ ದರ್ಜೆಗಳು. ನಮ್ಮ ಟೈಲರ್ ಲ್ಯಾಪ್‌ಟಾಪಿನ ಚಿಪ್ಪಿನ ಪೂರ್ತಿ ಹೆಸರು ಐ7-6500ಯು. ಆರಂಭದ ಆ 6 ಎಂಬುದು ಆರನೇ ಪೀಳಿಗೆ. ಅದರಲ್ಲಿ ಇರುವುದು ಎರಡೇ ಕೋರ್. 2017ರಲ್ಲಿ ಬಂದ ಐ5-8250ಯು ಚಿಪ್ಪಿನಲ್ಲಿ ನಾಲ್ಕು ಕೋರ್ ಇವೆ. ಹೆಸರಿನಲ್ಲಿ ಐದು, ಕೆಲಸದಲ್ಲಿ ಆ ಏಳಕ್ಕಿಂತ ಮುಂದು. ಹತ್ತನೇ ಪೀಳಿಗೆಯಿಂದೀಚೆಗೆ ಮೊದಲ ಎರಡು ಅಂಕಿ ಕೂಡಿಸಿ ಓದಬೇಕು. ಐ5-1235ಯು ಅಂದರೆ ಹನ್ನೆರಡನೆಯದು. ಅದರಲ್ಲಿ ಹತ್ತು ಕೋರ್ ಎಂದು ಜಾಹೀರಾತು ಹೇಳುತ್ತದೆ, ನಿಜ. ಅದರಲ್ಲಿ ಎರಡು ಮಾತ್ರ ಮುಖ್ಯ ಭಟ್ಟರು, ಉಳಿದ ಎಂಟು ಕಡಿಮೆ ಕರೆಂಟಿನಲ್ಲಿ ಸಣ್ಣ ಕೆಲಸ ಮಾಡುವ ಸಹಾಯಕರು. ಕೊನೆಯ ಅಕ್ಷರ ಯು ಇದ್ದರೆ ಮಿತವ್ಯಯದ ಚಿಪ್ಪು, ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. ಎಚ್ ಇದ್ದರೆ ಹೆಚ್ಚು ಕರೆಂಟು, ಹೆಚ್ಚು ಶಕ್ತಿ, ಹೆಚ್ಚು ಬಿಸಿ. 2023ರ ಕೊನೆಯಿಂದ ಇಂಟೆಲ್ ತನ್ನ ಹೊಸ ಚಿಪ್ಪುಗಳಿಂದ ಐ ಅಕ್ಷರವನ್ನೇ ತೆಗೆದು ಕೋರ್ ಅಲ್ಟ್ರಾ ಮುಂತಾದ ಹೆಸರಿಟ್ಟಿದೆ.

ಎಎಂಡಿ ಕಂಪನಿಯ ರೈಜನ್ ಚಿಪ್ಪುಗಳಲ್ಲೂ ಎಚ್ಚರ ಬೇಕು. ರೈಜನ್ 5 7520ಯು ಎಂಬ ಹೆಸರಿನ ಮೊದಲ 7 ನೋಡಿದರೆ ಹೊಚ್ಚ ಹೊಸದು ಅನ್ನಿಸುತ್ತದೆ. ಒಳಗಿನ ವಿನ್ಯಾಸ ಯಾವುದು ಎಂದು ಹೇಳುವುದು ಮೂರನೇ ಅಂಕಿ. ಇಲ್ಲಿ ಅದು 2. ಅಂದರೆ ಜೆನ್ 2, 2019ರ ವಿನ್ಯಾಸ. ಇಷ್ಟು ಸುತ್ತುಬಳಸಿ ಹೆಸರಿಡುವುದು ಕೊಳ್ಳುವವರಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಪೀಳಿಗೆಯನ್ನು ನೋಡಬೇಕೆನ್ನಲು ಇನ್ನೂ ಒಂದು ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಸುರಕ್ಷತೆಯ ಏರ್ಪಾಡು ಇರಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ಪೀಳಿಗೆ ಅಥವಾ ಆಮೇಲಿನದು ಆಗಬೇಕು. ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪುಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಈಗ ನಮ್ಮ ತಾಲ್ಲೂಕು ಕೇಂದ್ರಗಳಲ್ಲೂ ಸಿಗುತ್ತವೆ. ಅವುಗಳಲ್ಲಿ ಒಳ್ಳೆಯವೂ ಇವೆ. ಅಲ್ಲಿ ನೀವು ಕೇಳಬೇಕಾದ ಮೊದಲ ಪ್ರಶ್ನೆ ಪೀಳಿಗೆಯದೇ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಪರದೆ 1920 ಗುಣಿಸು 1080 ಚುಕ್ಕಿಯದಿರಲಿ, 1366 ಗುಣಿಸು 768ರದು ಕನ್ನಡದ ಒತ್ತಕ್ಷರಕ್ಕೆ ಒರಟು. ಓರೆಯಿಂದ ನೋಡಿದರೂ ಬಣ್ಣ ಕೆಡದಿರಬೇಕಾದರೆ ಐಪಿಎಸ್ ಪರದೆ. ಗ್ರಾಫಿಕ್ಸ್ ಕಾರ್ಡ್ ಬೇಕಾಗುವುದು ಆಟ, ವಿಡಿಯೊ ಎಡಿಟಿಂಗ್, ಕಟ್ಟಡದ ನಕ್ಷೆ ಇಂಥ ಕೆಲಸಕ್ಕೆ. ಉಳಿದವರಿಗೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಸಾಕು, ಅದು ರ‍್ಯಾಮಿನಲ್ಲೇ ಒಂದಿಷ್ಟು ಜಾಗ ಎರವಲು ಪಡೆಯುತ್ತದೆ. ಯುಎಸ್‌ಬಿ ಸಿ ಎಂಬುದು ಕಿಂಡಿಯ ಆಕಾರ ಮಾತ್ರ, ವೇಗವನ್ನು ಬೇರೆಯಾಗಿ ಕೇಳಬೇಕು. ಯುಪಿಎಸ್ ಮೇಲೆ 600 ವಿಎ ಎಂದಿದ್ದರೆ 600 ವ್ಯಾಟ್ ಎಂದು ತಿಳಿಯಬೇಡಿ, ಸಾಮಾನ್ಯವಾಗಿ 360 ವ್ಯಾಟ್ ಸಿಗುತ್ತದೆ. ಕಂಪ್ಯೂಟರ್ ದಿನಾಂಕ ಮರೆಯುತ್ತಿದ್ದರೆ ಮದರ್‌ಬೋರ್ಡ್ ಮೇಲೆ ಬಿಲ್ಲೆಯಂತೆ ಕೂತಿರುವ ಸಿಆರ್2032 ಎಂಬ 3 ವೋಲ್ಟಿನ ಸೆಲ್ ಮುಗಿದಿರುವುದು ಹೆಚ್ಚು. ಅದು ಕೈಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಅದಕ್ಕಾಗಿ ಬೋರ್ಡ್ ಬದಲಿಸಲು ಯಾರಾದರೂ ಹೇಳಿದರೆ ಒಪ್ಪಬೇಡಿ.

ಹೊಸದನ್ನು ಕೊಳ್ಳುವ ಮುಂಚೆ ಇದ್ದುದರಲ್ಲಿ ಹಸಿದಿರುವ ಅಂಗ ಯಾವುದು ಎಂದು ನೀವೇ ನೋಡಬಹುದು. ವಿಂಡೋಸ್ ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಎಂಬ ಪುಟ. ಕಂಪ್ಯೂಟರ್ ತೆವಳುತ್ತಿರುವ ಹೊತ್ತಿನಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಮೂರರಲ್ಲಿ ಯಾವುದು ನೂರರ ಹತ್ತಿರ ನಿಂತಿದೆ ನೋಡಿ. ಟೈಲರ್ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ 100, ಮೆಮೊರಿ 90ರ ಮೇಲೆ, ಸಿಪಿಯು ಇಪ್ಪತ್ತನ್ನೂ ದಾಟಿರಲಿಲ್ಲ. ಐ7 ಸುಮ್ಮನೆ ಕಾಯುತ್ತಿತ್ತು. ಅದಕ್ಕೆ 256 ಜಿಬಿಯ ಎಸ್‌ಎಸ್‌ಡಿ ಹಾಕಿದೆವು, 8 ಜಿಬಿಯ ಒಂದು ರ‍್ಯಾಮ್ ಸೇರಿಸಿದೆವು. ಆರನೇ ಪೀಳಿಗೆಯಾದ್ದರಿಂದ ವಿಂಡೋಸ್ 11ರ ಆಸೆ ಬಿಟ್ಟು, ವಿಂಡೋಸಿನ ಬದಲಿಗೆ ಬಳಸಬಹುದಾದ ಲಿನಕ್ಸ್ ಹಾಕಿದೆವು. ಈಗ ಅರ್ಧ ನಿಮಿಷದೊಳಗೆ ಶುರುವಾಗುತ್ತದೆ. ಹಳೆಯ ಹಾರ್ಡ್ ಡಿಸ್ಕನ್ನು ಒಂದು ಯುಎಸ್‌ಬಿ ಡಬ್ಬಿಯಲ್ಲಿ ಹಾಕಿ ಆ ಹುಡುಗಿಗೆ ಕೊಟ್ಟೆ. ಬರೆದದ್ದರ ಇನ್ನೊಂದು ಪ್ರತಿ ಅದರಲ್ಲಿರುತ್ತದೆ.

ಕೇಳುಗರೇ, ನಿಮ್ಮಲ್ಲಿ ಒಂದು ಕೋರಿಕೆ. ಕಂಪ್ಯೂಟರ್ ಕೊಳ್ಳುವಾಗ ಬಿಲ್ಲಿನಲ್ಲಿ "ಐ5 ಲ್ಯಾಪ್‌ಟಾಪ್ ಒಂದು" ಎಂದಷ್ಟೇ ಬರೆಸಿಕೊಂಡು ಬರಬೇಡಿ. ಪ್ರೊಸೆಸರಿನ ಪೂರ್ತಿ ಮಾದರಿ ಸಂಖ್ಯೆ, ರ‍್ಯಾಮ್ ಎಷ್ಟು ಮತ್ತು ಯಾವ ಪೀಳಿಗೆ, ಎಸ್‌ಎಸ್‌ಡಿಯೋ ಹಾರ್ಡ್ ಡಿಸ್ಕೋ, ಎಷ್ಟು ಜಿಬಿ, ಇವಿಷ್ಟನ್ನೂ ಬಿಲ್ಲಿನ ಮೇಲೆ ಬರೆಸಿ. ಬರೆದುಕೊಡಲು ಹಿಂದೆಗೆಯುವ ಅಂಗಡಿಯಲ್ಲಿ ಹಣ ಕೊಡಬೇಡಿ.